ಹಳೆಯ ಮನೆಯ ಜೀರ್ಣೋದ್ಧಾರ: ದಂಪತಿಗಳ ಕಾಯಕ

ಜೀರ್ಣೋದ್ಧಾರವೆಂಬ ಶಬ್ದವನ್ನು ನಾವು ಗುಡಿಗಳಿಗೂ ಮಠಗಳಿಗೂ ಮೀಸಲಿಟ್ಟಿದ್ದೇವೆ. ಗುಡಿಯ ಗೋಡೆ ಬಿರಿದರೆ ಊರಿಗೆ ಊರೇ ವಂತಿಗೆ ಎತ್ತಿ ಕೆಲಸಕ್ಕೆ ನಿಲ್ಲುತ್ತದೆ. ಮೂರು ತಲೆಮಾರು ಬಾಳಿ ಬದುಕಿದ, ನಿತ್ಯವೂ ಇಷ್ಟಲಿಂಗ ಪೂಜೆ ನಡೆದ, ಜಂಗಮ ದಾಸೋಹ ಕಂಡ ಮನೆಯೊಂದು ಶಿಥಿಲವಾದರೆ ಮಾತ್ರ ಮೊದಲು ಕರೆಸುವುದು ಕೆಡವುವ ಜೆಸಿಬಿಯನ್ನು. ಇದರಲ್ಲಿ ಯಾರನ್ನೂ ದೂರುವಂತಿಲ್ಲ. ಮಣ್ಣಿನ ಮನೆಯನ್ನು ಕಾಪಾಡಿಕೊಳ್ಳುವ ವಿದ್ಯೆ ಕೈಯಿಂದ ಕೈಗೆ ಬಂದದ್ದು. ಕೈಗಳು ಆ ಕೆಲಸ ಬಿಟ್ಟವು, ವಿದ್ಯೆಯೂ ಹೋಯಿತು. ಬಮ್ಮಿಗಟ್ಟಿಯ ನಮ್ಮ ಹಿರಿಯರ ಮನೆಯನ್ನು ನಾನೂ ನನ್ನ ಪತ್ನಿಯೂ ಕೈಯಾರೆ ದುರಸ್ತಿ ಮಾಡಿಕೊಂಡ ಸಂಗತಿಯನ್ನು ಬರೆಯಲು ಇದೇ ಕಾರಣ. ಇಂಥ ಮನೆಗಳು ಇನ್ನೂ ಅನೇಕ ಭಕ್ತರಿಗೆ ಇವೆ.

ಬಮ್ಮಿಗಟ್ಟಿ ಕಲಘಟಗಿ ತಾಲೂಕಿನ ಊರು. ಧಾರವಾಡ ಜಿಲ್ಲೆಯ ಹಳೆಯ ಮನೆಗಳಲ್ಲಿ ಎರಡು ಬಗೆಗಳನ್ನು ಕಾಣಬಹುದು. ಮೂಡಣದ ನವಲಗುಂದ, ಅಣ್ಣಿಗೇರಿಗಳ ಎರೆಭೂಮಿಯಲ್ಲಿ ಮಳೆ ಕಡಿಮೆ. ಅಲ್ಲಿ ತೊಲೆ ಜಂತಿಗಳ ಮೇಲೆ ಮಣ್ಣು ಹಾಸಿದ ಮೇಲ್ಮುದ್ದೆಯ ಮನೆಗಳು. ಪಡುವಣದ ಕಲಘಟಗಿ ಸೀಮೆಗೆ ಮಲೆನಾಡಿನ ಸೆರಗು ತಾಗಿದೆ. ಮಳೆ ಹೆಚ್ಚು, ಹೊಲಗಳಲ್ಲಿ ಭತ್ತ, ಆದ್ದರಿಂದ ಇಳಿಜಾರಿನ ಹಂಚಿನ ಮಾಡು. ಮೊದಲು ಕುಂಬಾರರು ಮಾಡಿದ ನಾಡಹಂಚು ಇತ್ತು. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ತರುವಾಯ ಕ್ರಮೇಣ ಮಂಗಳೂರು ಹಂಚು ನಾಡೆಲ್ಲ ಹಬ್ಬಿತು. ಮಾಡು ಯಾವುದೇ ಇರಲಿ, ಎರಡೂ ಕಡೆ ಗೋಡೆ ಹೆಚ್ಚಾಗಿ ಮಣ್ಣಿನದೇ. ಒಂದೂವರೆ ಎರಡು ಅಡಿ ದಪ್ಪದ ಆ ಗೋಡೆ ಬೇಸಿಗೆಯಲ್ಲಿ ತಂಪು, ಚಳಿಗಾಲದಲ್ಲಿ ಬೆಚ್ಚಗೆ.

ನಮ್ಮ ಮನೆಯೂ ಅಂಥದೇ: ಮುಂದೆ ಕಟ್ಟೆ, ಒಳಗೆ ದನದ ಕೊಟ್ಟಿಗೆ, ಅದಕ್ಕಿಂತ ಎತ್ತರದಲ್ಲಿ ಪಡಸಾಲೆ, ಅದರ ಹಿಂದೆ ಅಡುಗೆಮನೆ, ಪೂಜೆಯ ಕೋಣೆ, ಬಚ್ಚಲು. ದನಗಳು ಹೋಗಿ ಬಹಳ ವರ್ಷಗಳಾದವು. ಈ ಮನೆಗೆ ಕೇಡು ತಂದವನು ನಾನೇ. 2009ರಲ್ಲಿ ಗುರುಗಳ ಪಾದಪೂಜೆ ಮನೆಯಲ್ಲಿ ನೆರವೇರುವುದಿತ್ತು. ಗೋಡೆಗಳು ಅಂದವಾಗಿ ಕಾಣಲೆಂದು ಹಿಂಬದಿಯ ಗೋಡೆಗೂ ಪಡಸಾಲೆಗೂ ಸಿಮೆಂಟಿನ ಗಿಲಾವು ಮಾಡಿಸಿದೆ. ಪತ್ನಿ ಆಗಲೇ ಬೇಡವೆಂದಿದ್ದಳು. "ಗ್ವಾಡಿಗೆ ಸಿಮೆಂಟ್ ಬಳದ್ರ ಅದಕ್ಕ ಉಸಿರ ಕಟ್ಟತೈತ್ರಿ" ಎಂದು ಆಕೆ ಅಂದದ್ದನ್ನು ಹಳ್ಳಿಯ ಮಾತೆಂದು ತಳ್ಳಿಹಾಕಿದೆ. ಗುರುಗಳು ಬಂದರು, ಗೋಡೆಯನ್ನು ನೋಡಲೂ ಇಲ್ಲ.

ಆಕೆಯ ಮಾತಿನ ಅರ್ಥ ನನಗೆ ತಿಳಿದದ್ದು ಹದಿನೈದು ವರ್ಷಗಳ ನಂತರ. ಮಣ್ಣಿನ ಗೋಡೆ ನೆಲದಿಂದ ತೇವವನ್ನು ಹೀರುತ್ತಲೇ ಇರುತ್ತದೆ. ಮೇಲೆ ಮಣ್ಣು ಅಥವಾ ಸುಣ್ಣದ ಲೇಪವಿದ್ದರೆ ಆ ತೇವ ಹೊರಗಿನ ಗಾಳಿಗೆ ಆರಿಹೋಗುತ್ತದೆ. ಸಿಮೆಂಟ್ ಅದಕ್ಕೆ ದಾರಿ ಕೊಡದು. ತೇವ ಒಳಗೇ ನಿಂತು ಮೇಲೇರುತ್ತದೆ. ಗಿಲಾವು ಕಲ್ಲಿನಂತೆ ಗಟ್ಟಿಯಾಗಿ ನಿಂತಿರುತ್ತದೆ, ಹಿಂದಿನ ಮಣ್ಣು ಕರಗುತ್ತಿರುತ್ತದೆ. ಬೆರಳ ಗೆಣ್ಣಿನಿಂದ ಬಡಿದರೆ ಟೊಳ್ಳು ದನಿ ಬರುತ್ತದೆ. ಇದರ ಮೇಲೆ ಇನ್ನೊಂದು ಕಷ್ಟ ಸೇರಿತು. ಓಣಿಗೆ ಕಾಂಕ್ರೀಟ್ ರಸ್ತೆ ಬಂದು ನಮ್ಮ ಹೊಸ್ತಿಲಿಗಿಂತ ಎತ್ತರವಾಯಿತು. ಮಳೆಯ ನೀರು ಗೋಡೆಯ ಬುಡಕ್ಕೇ ನಿಲ್ಲತೊಡಗಿತು.

2019ರ ಆಗಸ್ಟ್ ಮಳೆಯಲ್ಲಿ ನಮ್ಮ ಜಿಲ್ಲೆಯಲ್ಲಿ ಮಣ್ಣಿನ ಮನೆಗಳು ಬಿದ್ದದ್ದನ್ನು ಓದುಗರು ಮರೆತಿರಲಾರರು. ಪೂರ್ಣ ಬಿದ್ದ ಮನೆಗೆ ಸರ್ಕಾರ 5 ಲಕ್ಷ ರೂಪಾಯಿ ಪರಿಹಾರ ಘೋಷಿಸಿತು. ನಮ್ಮ ಮನೆ ಬೀಳಲಿಲ್ಲ, ಹಿಂಬದಿಯ ಗೋಡೆ ಹೊರಕ್ಕೆ ಉಬ್ಬಿತು. ಬೆಂಗಳೂರಿನಲ್ಲಿರುವ ಮಗ, ಕೆಡವಿ ಕಾಂಕ್ರೀಟಿನ ಮನೆ ಕಟ್ಟಿಸೋಣ, ಹಣ ತಾನು ಕೊಡುವೆನೆಂದ. ಅವನ ಭಯ ನ್ಯಾಯವಾದದ್ದು: ರಾತ್ರಿ ಗೋಡೆ ಮೈಮೇಲೆ ಬಿದ್ದರೆ ಗತಿಯೇನು? ಐದು ವರ್ಷ ನಾವು ಯಾವ ನಿರ್ಧಾರಕ್ಕೂ ಬರದೆ ಪಡಸಾಲೆಯಲ್ಲಿ ಮಲಗಿದೆವು. ಕೊನೆಗೆ ಪತ್ನಿಯೇ ಹೇಳಿದಳು: "ಒಂದ ಬ್ಯಾಸಗಿ ನನಗ ಕೊಡ್ರಿ. ಆಗದಿದ್ರ ಮಗ ಹೇಳಿದಂಗ ಮಾಡೂಣು."

2024ರ ಯುಗಾದಿಯ ನಂತರ ಕೆಲಸ ಹಿಡಿದೆವು. ಮೃಗಶಿರಾ ಮಳೆಗೆ ಮುನ್ನ ಮುಗಿಯಬೇಕಿತ್ತು, ಅಂದರೆ ಎರಡು ತಿಂಗಳು.

ಮೊದಲು ಊರಿನ ಹಿರಿಯ ಗೌಂಡಿಯೊಬ್ಬರನ್ನು ಕರೆಸಿ ತೋರಿಸಿದೆವು. ಸ್ವತಃ ದುರಸ್ತಿಗೆ ಇಳಿಯುವ ದಂಪತಿಗಳು ಇದನ್ನು ತಪ್ಪಿಸಬಾರದು. ಉಬ್ಬಿದ ಗೋಡೆಯ ಬುಡ ಬದಲಿಸುವುದು, ಗೆದ್ದಲು ತಿಂದ ತೊಲೆಯ ತುದಿ ಕತ್ತರಿಸಿ ಜೋಡಿಸುವುದು, ವಿದ್ಯುತ್ ತಂತಿ ಎಳೆಯುವುದು, ಈ ಮೂರು ನಮ್ಮಂಥವರ ಕೈಗೆ ಸಲ್ಲುವ ಕೆಲಸಗಳಲ್ಲ. ಅವರು ತೊಲೆಗಳಿಗೆ ಕಂಬದ ಆಸರೆ ಕೊಟ್ಟು, ಗೋಡೆಯ ಬುಡವನ್ನು ಒಮ್ಮೆಗೆ ಎರಡು ಮೂರು ಅಡಿಗಿಂತ ಹೆಚ್ಚು ಬಿಚ್ಚದೆ, ಹಸಿ ಇಟ್ಟಿಗೆಗಳನ್ನು ಮಣ್ಣಿನಲ್ಲೇ ಕಟ್ಟಿ ತುಂಬುತ್ತ ಬಂದರು. ಉಳಿದುದೆಲ್ಲ ನಮ್ಮದು.

ಸಿಮೆಂಟ್ ಕೆತ್ತುವುದಕ್ಕೇ ಹನ್ನೆರಡು ದಿನ ಹಿಡಿಯಿತು. ಸುತ್ತಿಗೆ ಉಳಿ ಹಿಡಿದು ಮೂಗಿಗೆ ವಸ್ತ್ರ ಕಟ್ಟಿಕೊಂಡು ನಾನು ಕೆತ್ತುತ್ತಿದ್ದೆ, ಆಕೆ ಬುಟ್ಟಿಯಲ್ಲಿ ಹೊರುತ್ತಿದ್ದಳು; ಮೂರನೆಯ ದಿನ ನನ್ನ ಹೆಗಲು ಏಳದಾದಾಗ ಕೆಲಸ ಅದಲು ಬದಲಾಯಿತು. ಹಲಗೆಯಂತೆ ಕಳಚಿ ಬಿದ್ದ ಗಿಲಾವಿನ ಹಿಂದೆ ಮಣ್ಣು ತೊಯ್ದ ಬೆಲ್ಲದಂತೆ ಇತ್ತು. ಅದನ್ನು ಕಂಡು ಆಕೆ ಏನೂ ಅನ್ನಲಿಲ್ಲ. ಅಂದಿದ್ದರೆ ನನಗೆ ಸುಲಭವಾಗುತ್ತಿತ್ತು.

ಮಣ್ಣು ಹದ ಮಾಡುವ ಕೆಲಸದಲ್ಲಿ ನಾನು ಆಕೆಯ ಶಿಷ್ಯ. ಹೊಲದ ಬದುವಿನ ಕೆಮ್ಮಣ್ಣನ್ನು ಜರಡಿ ಹಿಡಿದು, ಮರಳು ಸೇರಿಸಿ, ಬೆರಳುದ್ದಕ್ಕೆ ಕತ್ತರಿಸಿದ ಭತ್ತದ ಹುಲ್ಲನ್ನೂ ಸೆಗಣಿಯನ್ನೂ ಕೂಡಿಸಿ, ನೀರು ಹಾಕಿ, ಕೊಟ್ಟಿಗೆಯಲ್ಲಿ ಗುಂಡಿ ಮಾಡಿ ತುಳಿಯಬೇಕು. ತುಳಿದು ಮುಚ್ಚಿಟ್ಟು ಒಂದು ವಾರ ಕೊಳೆಯಲು ಬಿಡಬೇಕು. ನಡುವೆ ಮತ್ತೆ ಮತ್ತೆ ತುಳಿಯಬೇಕು. ಎರೆಮಣ್ಣು ಸಲ್ಲದು, ಅದು ತೊಯ್ದರೆ ಹಿಗ್ಗುತ್ತದೆ, ಒಣಗಿದರೆ ಬಿರಿಯುತ್ತದೆ. ಮೊದಲು ಗೋಡೆಯ ಒಂದು ಮೂಲೆಗೆ ಬಳಿದು ಎರಡು ದಿನ ನೋಡುವುದು. ಬಿರುಕು ಬಿಟ್ಟರೆ ಮರಳು, ಉದುರಿದರೆ ಮಣ್ಣು. ಇವನ್ನೆಲ್ಲ ಆಕೆ ತವರಿನಲ್ಲಿ ತನ್ನ ಅಜ್ಜಿಯಿಂದ ಕಲಿತಿದ್ದಳು. ನಲವತ್ತು ವರ್ಷ ಸಂಸಾರ ಮಾಡಿದರೂ ಆಕೆಗೆ ಈ ವಿದ್ಯೆ ಬರುತ್ತದೆಂದು ನಾನು ಕೇಳಿ ತಿಳಿದಿರಲಿಲ್ಲ.

ಸುಣ್ಣದ ವಿಷಯದಲ್ಲಿ ಒಂದು ಎಚ್ಚರಿಕೆ. ಸುಣ್ಣದ ಹರಳನ್ನು ನೀರಿನಲ್ಲಿ ಅರಳಿಸುವಾಗ ಅದು ಕುದಿದು ಸಿಡಿಯುತ್ತದೆ. ಕಣ್ಣಿಗೆ ಬಿದ್ದರೆ ದೃಷ್ಟಿಗೇ ಅಪಾಯ. ನೀರಿಗೆ ಹರಳು ಹಾಕಬೇಕೇ ಹೊರತು ಹರಳಿನ ಮೇಲೆ ನೀರು ಸುರಿಯಬಾರದು, ಮಕ್ಕಳನ್ನು ಹತ್ತಿರ ಬಿಡಬಾರದು.

ಈ ಸುಣ್ಣದಿಂದಲೇ ನನಗೊಂದು ಪಾಠವಾಯಿತು. ನಾನು ಹುಬ್ಬಳ್ಳಿಗೆ ಹೋಗಿ, ಅಗ್ಗವಾಗಿ ಸಿಕ್ಕಿತೆಂದು, ಬೇಕಾದುದಕ್ಕಿಂತ ಆರು ಚೀಲ ಹೆಚ್ಚು ತಂದೆ. ಆಕೆ ಚೀಲಗಳನ್ನು ಎಣಿಸಿದಳು. "ಎಷ್ಟ ಬೇಕೋ ಅಷ್ಟ ತರಬೇಕಿತ್ರಿ. ಉಳದದ್ದು ತಿರುಗಿ ಕೊಟ್ಟ ಬರ್ರಿ." ನಾನು ಸಿಟ್ಟಾದೆ, ಬಾಡಿಗೆಯ ಲೆಕ್ಕ ಹೇಳಿದೆ. ಆದರೆ ಶ್ರಾವಣಮಾಸದ ಪ್ರವಚನಗಳಲ್ಲಿ ಆಯ್ದಕ್ಕಿ ಮಾರಯ್ಯ ಲಕ್ಕಮ್ಮರ ಕಥೆಯನ್ನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ! ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದ ದಂಪತಿಗಳು ಅವರು. ಒಂದು ದಿನ ಮಾರಯ್ಯನವರು ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮನವರು ಅದು ಆಸೆಯೆಂದು ತಿಳಿಹೇಳಿ, ಅಲ್ಲಿಯೇ ಸುರಿದು ಬರಲು ಕಳುಹಿಸಿದರು. ಸಭೆಯಲ್ಲಿ ಈ ಪ್ರಸಂಗ ಹೇಳಿದಾಗಲೆಲ್ಲ ತಾಯಂದಿರು ತಲೆದೂಗುತ್ತಿದ್ದರು. ಆ ದಿನ ನನ್ನ ಹೆಂಡತಿಗೆ ಆ ಕಥೆಯ ನೆನಪೂ ಇರಲಿಲ್ಲ. ಆಕೆ ಹೇಳಿದ್ದು ಚೀಲ ಇಡಲು ಜಾಗವಿಲ್ಲವೆಂದು. ನಾನು ಆರೂ ಚೀಲಗಳನ್ನು ಟಂಟಂನಲ್ಲಿ ಹೇರಿಕೊಂಡು ಹಿಂದಿರುಗಿಸಿ ಬಂದೆ.

ದಂಪತಿಗಳು ಕೂಡಿ ಮನೆ ಕಟ್ಟಿಕೊಂಡ ನಿದರ್ಶನಗಳು ದೂರದಲ್ಲೂ ಇವೆ. ಇಂಗ್ಲೆಂಡಿನಿಂದ ಬಂದು ಭಾರತದವರೇ ಆದ ವಾಸ್ತುಶಿಲ್ಪಿ ಲಾರಿ ಬೇಕರ್ (1917–2007) ವೈದ್ಯೆ ಎಲಿಜಬೆತ್ ಅವರನ್ನು 1948ರಲ್ಲಿ ವಿವಾಹವಾಗಿ, ಹಿಮಾಲಯದ ಪಿಥೋರಗಢದಲ್ಲಿ ಮನೆಯನ್ನೂ ಆಸ್ಪತ್ರೆಯನ್ನೂ ಕಟ್ಟಿಕೊಂಡು ಸುಮಾರು 16 ವರ್ಷ ಸೇವೆ ಸಲ್ಲಿಸಿದರು. ಗುಡ್ಡದ ಜನ ಕಲ್ಲು, ಮಣ್ಣು, ಮರಗಳಿಂದ ಕಟ್ಟುವ ರೀತಿಯನ್ನು ನೋಡಿ ತಾವು ಕಾಲೇಜಿನಲ್ಲಿ ಕಲಿತದ್ದನ್ನು ತಿದ್ದಿಕೊಂಡರು. ಐದು ಮೈಲಿಯೊಳಗೆ ದೊರೆಯುವ ಸಾಮಗ್ರಿಯಿಂದಲೇ ಮನೆ ಕಟ್ಟಬೇಕೆಂಬ ಗಾಂಧೀಜಿಯವರ ಅಭಿಪ್ರಾಯವನ್ನು ಅವರು ಕೊನೆಯವರೆಗೂ ನೆನೆಯುತ್ತಿದ್ದರು. ನಮ್ಮ ಕೆಲಸದಲ್ಲಿ ಈ ಐದು ಮೈಲಿ ದಾಟಿ ಬಂದ ಮುಖ್ಯ ವಸ್ತು ಆ ಸುಣ್ಣವೊಂದೇ. ಹಾಗೆಂದು ಸಿಮೆಂಟ್ ವಿಷವೆಂದು ನಾನು ಹೇಳುವುದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರದವರು ಮಣ್ಣಿಗೆ ಅಲ್ಪ ಪ್ರಮಾಣದ ಸಿಮೆಂಟ್ ಬೆರೆಸಿ ಒತ್ತಿದ ಇಟ್ಟಿಗೆಗಳಿಂದ ಗಟ್ಟಿ ಮನೆಗಳಾಗುವುದನ್ನು ತೋರಿಸಿಕೊಟ್ಟಿದ್ದಾರೆ. ಕೇಡಿರುವುದು ಹಳೆಯ ಮಣ್ಣಿನ ಗೋಡೆಗೆ ಅದನ್ನು ಹೊದಿಸುವುದರಲ್ಲಿ.

ನಡುವೆ ಊರಿನ ಕೆಲವರು ಬಂದು, ಹೇಗೂ ಬಿಚ್ಚಿದ್ದೀರಿ, ವಾಸ್ತು ನೋಡಿಸಿ ಬಾಗಿಲನ್ನು ದಿಕ್ಕು ಬದಲಿಸಿರೆಂದರು. ದಿನ, ವಾರ, ಮುಹೂರ್ತಗಳ ಭಯವನ್ನು ಕಳೆದ ಶರಣರ ಮಕ್ಕಳು ನಾವು. ಬಾಗಿಲು ಇದ್ದಲ್ಲೇ ಇದೆ. ಅಟ್ಟವನ್ನು ತೆರವು ಮಾಡುವಾಗ ಮಾತ್ರ ನಾನು ಯಾವ ಗಂಟನ್ನೂ ಬಿಚ್ಚಿ ನೋಡದೆ ಎಸೆಯಲು ಬಿಡಲಿಲ್ಲ. ಫ.ಗು. ಹಳಕಟ್ಟಿಯವರು ಊರೂರು ಅಲೆದು ಮನೆಮನೆಗಳಿಂದ ತಾಡವೋಲೆಗಳನ್ನು ಸಂಗ್ರಹಿಸಿರದಿದ್ದರೆ 1923ರಲ್ಲಿ ‘ವಚನಶಾಸ್ತ್ರಸಾರ’ ಬೆಳಕು ಕಾಣುತ್ತಿರಲಿಲ್ಲ. ನಮ್ಮ ಅಟ್ಟದಲ್ಲಿ ಓಲೆ ಸಿಗಲಿಲ್ಲ; ಅವ್ವನ ಬೀಸುವ ಕಲ್ಲಿನ ಗೂಟ, ಇಲಿ ತಿಂದ ಕೌದಿ, ಕಲಘಟಗಿಯ ಬಣ್ಣದ ತೊಟ್ಟಿಲಿನ ಒಂದು ಪಕ್ಕ ಸಿಕ್ಕವು. ಮಗ ಅದರಲ್ಲೇ ಮಲಗಿ ಬೆಳೆದದ್ದು.

ಬಸವ ಜಯಂತಿಯ ಹೊತ್ತಿಗೆ ಒಳಗೋಡೆಗಳು ಮುಗಿದಿದ್ದವು. ಹೊರಗೋಡೆಗೆ ಮಣ್ಣು ಬಳಿದು, ಅದು ಪೂರ್ಣ ಆರಿದ ಮೇಲೆ ಮೂರು ಸಲ ಸುಣ್ಣ ಹೊಡೆದೆವು. ಒಡೆದ ಹಂಚುಗಳನ್ನು ತೆಗೆದು ಬೇರೆ ಹಾಕಿಸಿದೆವು. ರಸ್ತೆಯ ನೀರು ಬುಡಕ್ಕೆ ಬಾರದಂತೆ ಮುಂದೆ ಒಂದು ಗಟಾರ ತೋಡಿದೆವು. ಇಷ್ಟು ದಿನದ ದುಡಿಮೆಯಲ್ಲಿ ಅತ್ಯಂತ ಉಪಯೋಗಕ್ಕೆ ಬಂದದ್ದು ಈ ಗಟಾರವೇ ಇರಬಹುದು.

ಮೊದಲ ದೊಡ್ಡ ಮಳೆ ರಾತ್ರಿ ಬಂತು. ಇಬ್ಬರೂ ಎದ್ದು ಕಂದೀಲು ಹಿಡಿದು ಹಿಂದಿನ ಗೋಡೆಯನ್ನು ಮುಟ್ಟಿ ಮುಟ್ಟಿ ನೋಡಿದೆವು. ಗೋಡೆ ಒಣಗಿತ್ತು. ಅಡುಗೆಮನೆಯ ಮೇಲೆ ಒಂದು ಹಂಚು ಸರಿದು ನೀರು ತೊಟ್ಟಿಕ್ಕುತ್ತಿತ್ತು. ಆಕೆ ಅದರ ಕೆಳಗೆ ತಪ್ಪಲೆ ಇಟ್ಟು ಬಂದು ಮಲಗಿದಳು. ಬೆಳಿಗ್ಗೆ ಮಗನಿಗೆ ಫೋನು ಮಾಡಿ ತಿಳಿಸಿದೆವು. ದೀಪಾವಳಿಗೆ ಬಂದಾಗ ಹಂಚು ತಾನೇ ಏರಿ ಸರಿಪಡಿಸುವೆನೆಂದ.