ದಿನ ತುಂಬದ ಗೊರಟು

ಬೇಗ ಮಾಗುವ ಚೆರ್ರಿಯ ಗೊರಟನ್ನು ಒಡೆದು ನೋಡಿ. ಹಣ್ಣು ಕೆಂಪಗೆ ರಸ ತುಂಬಿಕೊಂಡಿದ್ದರೂ ಒಳಗಿನ ಬೀಜ ಸುಕ್ಕುಗಟ್ಟಿ ಬತ್ತಿರುತ್ತದೆ. ಮಣ್ಣಿಗೆ ಹಾಕಿದರೆ ಮೊಳೆಯುವುದಿಲ್ಲ. ಹಣ್ಣಿಗೆ ಅವಸರ, ಬೀಜಕ್ಕಿನ್ನೂ ದಿನ ತುಂಬಿಲ್ಲ.

ತೋಟದವನಿಗೆ ಇದರಿಂದ ನಷ್ಟವಿಲ್ಲ. ಅವನು ಗಿಡ ಮಾಡುವುದು ಕಣ್ಣು ಕಸಿಯಿಂದ. ಪೇಚಾಟವೆಲ್ಲ ಹೊಸ ತಳಿ ರೂಪಿಸುವವನದು. ಮಾರುಕಟ್ಟೆಗೆ ಮೊದಲು ಬಂದ ಚೆರ್ರಿಗೆ, ಪೀಚಿಗೆ ಒಳ್ಳೆಯ ಬೆಲೆ. ಹಾಗಾಗಿ ಬೇಗ ಮಾಗುವ ಎರಡು ಮರಗಳನ್ನೇ ಕೂಡಿಸುವ ಆಸೆ. ಆದರೆ ಅಂಥ ಮರ ತಾಯಿಯಾದರೆ ಬೀಜ ಬದುಕದು. ತಡವಾಗಿ ಮಾಗುವ ಮರವನ್ನು ತಾಯಿಯಾಗಿಸಿ, ಬೇಗ ಮಾಗುವುದರ ಪರಾಗವನ್ನಷ್ಟೇ ತಂದು ಸಮಾಧಾನಪಡಬೇಕಿತ್ತು.

1925ರಲ್ಲಿ ಜರ್ಮನಿಯ ಸಸ್ಯವಿಜ್ಞಾನಿ ಲೈಬಾಖ್ ಎರಡು ಅಗಸೆ ಪ್ರಭೇದಗಳ ಮಿಶ್ರ ಸಂತಾನವನ್ನು, ಬೀಜದಿಂದ ಭ್ರೂಣ ಬಿಡಿಸಿ ಸಾಕಿ ಉಳಿಸಿಕೊಂಡಿದ್ದರು. ಗೊರಟಿನ ಹಣ್ಣುಗಳಿಗೆ ಆ ದಾರಿ ತೆರೆದವರು ನ್ಯೂಯಾರ್ಕ್ ರಾಜ್ಯದ ಜಿನೀವಾ ಕೃಷಿ ಪ್ರಯೋಗ ಕೇಂದ್ರದ ಎಚ್.ಬಿ. ಟ್ಯೂಕಿ. ಸಿಹಿ ಚೆರ್ರಿಯ ಎಳೆ ಭ್ರೂಣಗಳನ್ನು ಅಗರ್ ಎಂಬ ಲೋಳೆಯ ಮೇಲೆ ಬೆಳೆಸಿದ ಬಗೆಯನ್ನು ಅವರು 1933ರಲ್ಲಿ ಪ್ರಕಟಿಸಿದರು.

ಕೆಲಸ ಕೈಚಳಕದ್ದು. ಹಣ್ಣು ಪೂರ್ತಿ ಮಾಗುವ ಮೊದಲೇ ಕಿತ್ತು, ಬ್ಲೀಚ್ ದ್ರಾವಣದಲ್ಲಿ ತೊಳೆದು, ಗೊರಟು ಒಡೆಯುತ್ತಾರೆ. ಚಿಮುಟದಿಂದ ಬೀಜದ ಸಿಪ್ಪೆ ಸುಲಿದರೆ ಬಿಳಿಯ ಎರಡು ಬೇಳೆ, ಅವುಗಳ ತುದಿಯಲ್ಲಿ ಬೇರಿನ ಮೊನೆ. ಅದಕ್ಕೆ ಗಾಯವಾದರೆ ಅಲ್ಲಿಗೆ ಮುಗಿಯಿತು. ಲವಣ, ಸಕ್ಕರೆ ಬೆರೆಸಿದ ಅಗರ್ ಇರುವ ಗಾಜಿನ ಕೊಳವೆಯೇ ಮುಂದೆ ತಾಯಿಯ ಮಡಿಲು. ಭ್ರೂಣ ತೀರಾ ಎಳೆಯದಾದರೆ ಬಿಡಿಸುವ ಗೋಜಿಗೇ ಹೋಗದೆ ಅಂಡಕವನ್ನು ಇಡಿಯಾಗಿ ಸಾಕುತ್ತಾರೆ.

ಊಟವೊಂದೇ ಸಾಲದು, ಚಳಿಯೂ ಬೇಕು. ಕೊಳವೆಗಳು ಸುಮಾರು 4 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ, ಕತ್ತಲಲ್ಲಿ ವಾರಗಟ್ಟಲೆ ಕಾಯುತ್ತವೆ. ಈ ಕೃತಕ ಚಳಿಗಾಲ ತಪ್ಪಿದರೆ ಸಸಿ ಮೇಲೇಳದೆ, ಎಲೆಗಳೆಲ್ಲ ಒಂದೇ ಕಡೆ ಗುಂಪುಗೂಡಿ ಕುಳ್ಳಾಗಿಬಿಡುತ್ತದೆ. ಚಳಿ ಉಂಡದ್ದು ಬೆಳಕಿಗೆ ಬಂದು ಬೇರು ಬಿಡುತ್ತದೆ. ಆಮೇಲೆ ಕುಂಡದ ಮಣ್ಣು. ಮೊದಮೊದಲು ತೇವದ ಮುಚ್ಚಿಗೆ, ನಂತರ ನಿಧಾನವಾಗಿ ಹೊರಗಿನ ಗಾಳಿ.

ಕೆಲವು ವರ್ಷಕ್ಕೆ ಸಸಿ ಮರವಾಗಿ ಹಣ್ಣು ಬಿಡುತ್ತದೆ. ರುಚಿ ಹಿಡಿಸಿದರೆ ಅದರ ಕಣ್ಣುಗಳು ಕಸಿಗೆ ಹೋಗಿ ತೋಟಗಳು ತುಂಬುತ್ತವೆ. ಎಲ್ಲರಿಗಿಂತ ಮೊದಲು ಮಾಗಿದ ಆ ಹಣ್ಣಿನ ಗೊರಟು ಒಡೆದರೆ, ಒಳಗೆ ಮತ್ತದೇ ದಿನ ತುಂಬದ ಬೀಜ.