ಬಣ್ಣದ ಕ್ಯೂಬ್ ಜೋಡಿಸುವುದು ಹೇಗೆ?

ಮಧುಗಿರಿ ದಂಡಿನ ಮಾರಮ್ಮನ ಜಾತ್ರೆಯಲ್ಲಿ ಅಪ್ಪ ಕೊಡಿಸಿದ ನನ್ನ ಬಣ್ಣದ ಕ್ಯೂಬನ್ನು ನೀವೆಲ್ಲ ನೋಡಿದ್ದೀರಿ. ಬಿಳಿ ಮುಖ ಪೂರ್ತಿ ಮಾಡಿದೆ ಅಂತ ತೋರಿಸಿದಾಗ ಚಪ್ಪಾಳೆ ಹೊಡೆದಿರಿ. ನಿಜ ಹೇಳ್ತೀನಿ, ಅವತ್ತು ಎಂಟು ಬಿಳಿ ಮಾತ್ರ ಬಂದಿತ್ತು. ಒಂಬತ್ತನೆಯದು ಪಕ್ಕದಲ್ಲೇ ಇತ್ತು, ಆದರೆ ಮಗುಚಿಕೊಂಡಿತ್ತು. ಆ ತುಂಡಿನ ಬಿಳಿ, ಹಸಿರು ಎರಡೂ ಸ್ಟಿಕರ್ ಕಿತ್ತು ಅದಲು ಬದಲು ಅಂಟಿಸಿದ್ದೆ. ಅದರಿಂದ ಏನಾಯ್ತು ಅಂತ ಆಮೇಲೆ ಹೇಳುತ್ತೇನೆ.

ಇದಕ್ಕೆ ರೂಬಿಕ್ ಕ್ಯೂಬ್ ಎಂದು ಹೆಸರು. ಹಂಗೇರಿ ದೇಶದ ಬುಡಾಪೆಸ್ಟ್ ನಗರದ ಎರ್ನೋ ರೂಬಿಕ್ ಎಂಬ ಮೇಷ್ಟ್ರು 1974ರಲ್ಲಿ ಇದನ್ನು ಮಾಡಿದರು. ತಾವೇ ಮಾಡಿದ ಕ್ಯೂಬ್ ಜೋಡಿಸಲು ಅವರಿಗೇ ಸುಮಾರು ಒಂದು ತಿಂಗಳು ಬೇಕಾಯಿತಂತೆ! ಇದರ ಬಣ್ಣಗಳು ಎಷ್ಟು ರೀತಿ ಕೂರಬಹುದು ಎಂಬ ಲೆಕ್ಕ ಬರೆದರೆ 20 ಅಂಕಿಯ ಸಂಖ್ಯೆ ಬರುತ್ತದೆ. ಸುಮ್ಮನೆ ತಿರುಗಿಸ್ತಾ ಕೂತರೆ ಆಗಲ್ಲ.

ನಾವು 54 ಚೌಕಗಳನ್ನು ನೋಡುತ್ತೇವೆ. ಹಾಗೆ ನೋಡಬಾರದು, ತುಂಡು ನೋಡಬೇಕು ಅಂತ ಬೆಂಗಳೂರಿನಿಂದ ಬಂದಿದ್ದ ಚಿಕ್ಕಪ್ಪನ ಮಗ ಅಣ್ಣ ಹೇಳಿಕೊಟ್ಟ. ಹೊರಗೆ ಕಾಣುವ ತುಂಡುಗಳು 26. ಮೂಲೆಯವು 8, ಅವಕ್ಕೆ ಮೂರು ಬಣ್ಣ. ಅಂಚಿನವು 12, ಅವಕ್ಕೆ ಎರಡು ಬಣ್ಣ. ನಡುವಿನವು 6, ಅವಕ್ಕೆ ಒಂದೇ ಬಣ್ಣ. ಈ ನಡುವಿನವು ಜಾಗ ಬಿಟ್ಟು ಕದಲುವುದೇ ಇಲ್ಲ. ಹಾಗಾಗಿ ಅದರ ಬಣ್ಣವೇ ಆ ಮುಖದ ಬಣ್ಣ.

ಮುಖ ಮುಖ ಮಾಡದೆ ಮನೆ ಕಟ್ಟುವ ಹಾಗೆ ಅಂತಸ್ತು ಅಂತಸ್ತಾಗಿ ಮಾಡಬೇಕು. ಮೊದಲು ಬಿಳಿಯಲ್ಲಿ ಪ್ಲಸ್ ಗುರುತು. ಅದರ ಪಕ್ಕದ ಬಣ್ಣಗಳೂ ನಡುವಿನ ತುಂಡಿಗೆ ಹೊಂದಬೇಕು. ಆಮೇಲೆ ಬಿಳಿಯನ್ನು ಕೆಳಗೆ ಮಾಡಿ ಹಿಡಿಯಿರಿ. ಬೇಕಾದ ಮೂಲೆ ತುಂಡನ್ನು ಅದರ ಜಾಗದ ನೇರ ಮೇಲೆ, ನಿಮ್ಮ ಎದುರಿನ ಬಲಮೂಲೆಗೆ ತನ್ನಿ. ಈಗ ಬಲಸಾಲು ಮೇಲಕ್ಕೆ, ಮೇಲುಸಾಲು ಎಡಕ್ಕೆ, ಬಲಸಾಲು ಕೆಳಕ್ಕೆ, ಮೇಲುಸಾಲು ಬಲಕ್ಕೆ. ತುಂಡು ಸರಿಯಾಗಿ ಕೂರುವ ತನಕ ಈ ನಾಲ್ಕನ್ನೇ ಮಾಡುತ್ತಿರಿ. ಒಂದು ತಮಾಷೆ ಏನೆಂದರೆ, ಹಿಡಿದ ದಿಕ್ಕು ಬದಲಿಸದೆ ಇದನ್ನು 6 ಸಲ ಮಾಡಿದರೆ ಕ್ಯೂಬ್ ಮೊದಲು ಹೇಗಿತ್ತೋ ಹಾಗೇ ಆಗುತ್ತದೆ! ನಡುವಿನ ಅಂತಸ್ತು ಮತ್ತು ಮೇಲಿನ ಹಳದಿಗೆ ಉದ್ದದ ತಿರುವುಗಳಿವೆ, ನನ್ನ ನೋಟ್ ಪುಸ್ತಕದಲ್ಲಿ ಬರೆದಿದ್ದೇನೆ, ಕೇಳಿದರೆ ಕೊಡುತ್ತೇನೆ.

ಎರಡು ಅಂತಸ್ತು ಆಯ್ತು. ಹಳದಿ ಪ್ಲಸ್ ಮಾತ್ರ ಬರಲೇ ಇಲ್ಲ. ನಾಲ್ಕು ದಿನ ಮಾಡಿದೆ, ಯಾವಾಗಲೂ ಒಂದು ತುಂಡು ಮಗುಚಿಕೊಂಡೇ ಇರೋದು. ಅಣ್ಣನ ಕೈಯಲ್ಲೂ ಆಗಲಿಲ್ಲ. "ಸ್ಟಿಕರ್ ಏನಾದ್ರೂ ಕಿತ್ತಿದ್ಯೇನೋ?" ಅಂದ. ನನಗೆ ಬೆವರು ಬಂತು. ತಿರುಗಿಸುವುದರಿಂದ ಒಂದೇ ಒಂದು ಅಂಚಿನ ತುಂಡು ಮಗುಚುವುದಿಲ್ಲವಂತೆ. ಮಗುಚಿದರೆ ಎರಡು ಸೇರಿಯೇ ಮಗುಚುತ್ತವೆ. ನಾನು ಸ್ಟಿಕರ್ ಬದಲಿಸಿ ಒಂದನ್ನು ಮಾತ್ರ ಮಗುಚಿದ್ದೆ. ಇನ್ನು ನೂರು ವರ್ಷ ತಿರುಗಿಸಿದರೂ ಅದು ಕೂರುತ್ತಿರಲಿಲ್ಲ.

ಆ ಎರಡು ಸ್ಟಿಕರ್ ಮತ್ತೆ ಕಿತ್ತು, ಗೋಂದು ಹಚ್ಚಿ ಮೊದಲಿನಂತೆ ಅಂಟಿಸಿ, ಮೊದಲಿಂದ ಶುರು ಮಾಡಿದೆ. ಕತ್ತಲಾಗುವ ಹೊತ್ತಿಗೆ ಆರೂ ಮುಖ ಬಂತು. ಅವತ್ತು ಚಪ್ಪಾಳೆ ಹೊಡೆಯಲು ಅಜ್ಜಿ ಒಬ್ಬಳೇ ಇದ್ದಳು.

ನಾಳೆ ಊಟದ ಬಿಡುವಿಗೆ ತರುತ್ತೇನೆ. ಯಾರು ಬೇಕಾದರೂ ಕೆಡಿಸಿ ಕೊಡಿ, ನಿಮ್ಮೆದುರಿಗೇ ಜೋಡಿಸುತ್ತೇನೆ. ಬಿಳಿ-ಹಸಿರು ತುಂಡನ್ನು ಮಾತ್ರ ಉಜ್ಜಬೇಡಿ, ಗೋಂದು ಇನ್ನೂ ಹಸಿ ಇದೆ.