ಚಳಿಗಾಳಿ ನುಸುಳುವ ದಾರಿ

ಅಮೆರಿಕದ ಮಿನ್ನೆಸೋಟ ರಾಜ್ಯದಲ್ಲಿ ಜನವರಿಯ ರಾತ್ರಿ ಉಷ್ಣತೆಯು ಸೊನ್ನೆಗಿಂತ 20 ಡಿಗ್ರಿ ಸೆಲ್ಸಿಯಸ್ ಕೆಳಗಿಳಿಯುವುದು ಅಪರೂಪವೇನಲ್ಲ. ಅಲ್ಲಿಯ ಮರದ ಚೌಕಟ್ಟಿನ ಮನೆಗಳಲ್ಲಿ ಫರ್ನೇಸು ಎಡೆಬಿಡದೆ ಉರಿಯುತ್ತಿದ್ದರೂ ಎಷ್ಟೋ ವೇಳೆ ವೃದ್ಧರ ಪಾದಗಳು ಮರಗಟ್ಟುತ್ತವೆ; ಕೂಸಿನ ತೊಟ್ಟಿಲನ್ನು ಹೊರಗೋಡೆಯಿಂದ ದೂರ ಸರಿಸಬೇಕಾಗುತ್ತದೆ. ಇಂಧನದ ಹಣವೋ ಗಾಳಿಗೆ ತೂರಿದಂತೆಯೇ ಸರಿ!

ಆಗ ಮನೆಯೊಡೆಯನ ಸಂಶಯವೆಲ್ಲ ಹೊರಗೋಡೆಯ ವಿನೈಲ್ ಹೊದಿಕೆಯ ಮೇಲೆ. ಅದರ ಪಟ್ಟಿಗಳು ಮುಟ್ಟಿದರೆ ಅಲುಗುತ್ತವೆ. ಕೆಳ ಅಂಚಿನಲ್ಲಿ ಸಣ್ಣ ರಂಧ್ರಗಳೂ ಉಂಟು. ಪಾಪ, ಹೊದಿಕೆ ನಿರಪರಾಧಿ. ವಿನೈಲ್ ಬಿಸಿಲಿಗೆ ಹಿಗ್ಗಿ ಚಳಿಗೆ ಕುಗ್ಗುವ ಪ್ಲಾಸ್ಟಿಕ್. 12 ಅಡಿಯ ಒಂದು ಪಟ್ಟಿ ಋತುವಿನಿಂದ ಋತುವಿಗೆ ಅರ್ಧ ಅಂಗುಲದಷ್ಟು ಸರಿದಾಡಬಲ್ಲದು. ಆದಕಾರಣ ಅದನ್ನು ಉದ್ದನೆಯ ಸೀಳುಗಳಲ್ಲಿ ಮೊಳೆ ಹೊಡೆದು ಸಡಿಲವಾಗಿಯೇ ತೂಗುಹಾಕುತ್ತಾರೆ. ಗೊರಬಿನಂತೆ ಮಳೆನೀರನ್ನು ಜಾರಿಸುವುದಷ್ಟೇ ಅದರ ಧರ್ಮ. ಒಳಹೊಕ್ಕ ನೀರು ಹೊರಬರಲೆಂದು ಇರಿಸಿದ ರಂಧ್ರಗಳನ್ನು ಅಂಟಿನಿಂದ ಮುಚ್ಚಿದವನು ಚಳಿಯನ್ನು ತಡೆಯಲಾರ. ಒಳಗಿನ ಮರವನ್ನು ಕೊಳೆಸಿಯಾನು.

ಹಾಗಾದರೆ ಗಾಳಿ ಬರುವುದೆಲ್ಲಿಂದ? ಬಿಸಿಗಾಳಿ ಹಗುರ, ಅದು ಮೇಲೇರಿ ಅಟ್ಟದ ಬಾಗಿಲು, ಕೊಳವೆ, ದೀಪಗಳ ಸುತ್ತಲಿನ ಸಂದುಗಳಿಂದ ಹೊರನುಸುಳುತ್ತದೆ. ಹೋದಷ್ಟೇ ಗಾಳಿಯನ್ನು ಮನೆ ಕೆಳಗಿನಿಂದ ಸೆಳೆದುಕೊಳ್ಳುತ್ತದೆ. ತಳಪಾಯದ ಮೇಲೆ ಮರದ ತೊಲೆ ಕುಳಿತಿರುವ ಸಂದು, ಕಿಟಕಿಯ ಚೌಕಟ್ಟು, ವಿದ್ಯುತ್ತಿನ ಸಾಕೆಟ್ಟು—ಇವೇ ಅದರ ಪ್ರವೇಶದ್ವಾರಗಳು. ಕಾಲು ಕೊರೆಯುವ ರೋಗಕ್ಕೆ ನೆತ್ತಿಯ ಮೇಲಿನ ಅಟ್ಟದಿಂದ ಚಿಕಿತ್ಸೆ ಆರಂಭವಾಗಬೇಕೆಂಬುದು ವಿಚಿತ್ರವಾದರೂ ನಿಜ. ಗೋಡೆಯಲ್ಲಿ ತುಂಬಿದ ಗಾಜಿನ ಉಣ್ಣೆಯೂ ಬೀಸುವ ಗಾಳಿಯನ್ನು ತಡೆಯದು, ಬರಿದೇ ಸೋಸುತ್ತದೆ. ಆ ಉಣ್ಣೆ ಧೂಳಿನಿಂದ ಕಪ್ಪಾಗಿರುವೆಡೆಯಲ್ಲಿಯೇ ಸಾಮಾನ್ಯವಾಗಿ ಸಂದು ಸಿಕ್ಕುತ್ತದೆ.

ಪರೀಕ್ಷಕರು ಮುಂಬಾಗಿಲಿಗೆ ದೊಡ್ಡ ಫ್ಯಾನು ಕಟ್ಟಿ, 50 ಪಾಸ್ಕಲ್‌ಗಳ ಒತ್ತಡದ ಅಂತರ ಉಂಟುಮಾಡಿ ಸೋರಿಕೆಯನ್ನು ಅಳೆಯುತ್ತಾರೆ. ಮನೆಯವರಿಗೆ ಊದುಬತ್ತಿಯೇ ಸಾಕು. ಗಾಳಿ ಬೀಸುವ ದಿನ ಅದನ್ನು ಸಂದಿನ ಬಳಿ ಹಿಡಿದರೆ ಹೊಗೆ ಓಲಾಡಿ ಗುಟ್ಟನ್ನು ಹೇಳುತ್ತದೆ. ಸಣ್ಣ ಬಿರುಕಿಗೆ ಕಾಲ್ಕ್, ದೊಡ್ಡದಕ್ಕೆ ಫೋಮ್, ಸಾಕೆಟ್ಟಿನ ಫಲಕದ ಹಿಂದೆ ಫೋಮಿನ ತೆಳು ಪಟ್ಟಿ. ಬಿಸಿಯಾಗುವ ಹೊಗೆಕೊಳವೆಯ ಸುತ್ತ ಮಾತ್ರ ಲೋಹದ ತಗಡು ಮತ್ತು ಶಾಖ ತಡೆಯುವ ಅಂಟು. ಹೊದಿಕೆಯನ್ನೇ ಬದಲಿಸುವ ಸಂದರ್ಭ ಬಂದರೆ ಅದರಡಿಯಲ್ಲಿ ಗಾಳಿತಡೆಯ ಹಾಳೆಯನ್ನು ಹಾಸಿ ಕೂಡುಗಳಿಗೆ ಟೇಪು ಅಂಟಿಸುವುದು ಲೇಸು.

ಆದರೆ ಮನೆಯೊಳಗಿನ ಗಾಳಿಯನ್ನೇ ಸೆಳೆದು ಉರಿಯುವ ಅನಿಲದ ಹೀಟರು ಇದ್ದಲ್ಲಿ ಎಚ್ಚರಿಕೆ ಅಗತ್ಯ. ಸಂದುಗಳೆಲ್ಲ ಮುಚ್ಚಿದ ಮೇಲೆ ಅಡುಗೆಮನೆಯ ಫ್ಯಾನು ತಿರುಗಿದರೆ, ಕೊಳವೆಯ ಹೊಗೆ ಹಿಂದಿರುಗಿ ಮನೆಯೊಳಗೆ ಹರಡಬಹುದು. ಅದರಲ್ಲಿರಬಹುದಾದ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರು ಏಳದೆಯೇ ಹೋಗಬಹುದು. ಅದಕ್ಕಾಗಿಯೇ ಬಲ್ಲ ಕೆಲಸಗಾರರು ದುರಸ್ತಿ ಮುಗಿದೊಡನೆ ಹೊಗೆಕೊಳವೆಯ ಸೆಳೆತವನ್ನು ಮತ್ತೆ ಪರೀಕ್ಷಿಸಿ, ಮಲಗುವ ಕೋಣೆಗಳ ಬಳಿ ಎಚ್ಚರಿಕೆಯ ಗಂಟೆಯನ್ನು ಇರಿಸಿಯೇ ಹೊರಡುತ್ತಾರೆ.